ವಿದೇಶಕ್ಕೆ ಹೊರಟವರಿಗೆ ನಾನು ಹೇಳಿದ ಬುದ್ಧಿ

ವಿದೇಶಕ್ಕೆ ಹೊರಟವರಿಗೆ ಎಷ್ಟು ತಿಳಿಸಿ ಹೇಳಿದರೂ ಏನಾದರೊಂದು ಆಗಿಯೇ ಆಗುತ್ತದೆ. ಹೇಳದೆ ಇದ್ದುದರಿಂದ ಆಗುವುದು ಬೇರೆ, ಹೇಳಿದ್ದರಿಂದಲೇ ಆಗುವುದು ಬೇರೆ. ನನ್ನ ಪಾಲಿಗೆ ಬಂದದ್ದೆಲ್ಲ ಎರಡನೆಯದು.

ಪುಣೆಯ ಧನಕವಡಿಯಲ್ಲಿ ಒಂದು ಸಣ್ಣ ಟೂರ್ ಕಂಪನಿ ನಮ್ಮದು. ಮಾಲೀಕರು ಮರಾಠಿಯವರು. ಊರಲ್ಲಿ ಕನ್ನಡದವರು ಬೇಕಾದಷ್ಟು ಇದ್ದಾರೆಂದು ಅವರದೇ ಗುಂಪು ಕಟ್ಟಿ ಕಳಿಸುತ್ತೇವೆ. ಹೊರಡುವ ಮೊದಲು ಎಲ್ಲರನ್ನೂ ಕೂಡಿಸಿ ಹೀಗಿರಿ, ಹಾಗಿರಿ ಎಂದು ಬುದ್ಧಿ ಹೇಳುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಹೇಳುವ ನಾನು ಮಾತ್ರ ಒಮ್ಮೆಯೂ ದೇಶ ಬಿಟ್ಟು ಹೋದವನಲ್ಲ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಒಳಗೊಳಗೇ ಹೊಟ್ಟೆ ಉರಿಯುತ್ತಿದ್ದುದು ನಿಜ.

ಕಳೆದ ವರ್ಷ ಧೈರ್ಯ ಮಾಡಿ ಮಾಲೀಕರನ್ನು ಕೇಳಿಯೇಬಿಟ್ಟೆ. ಅವರು ಒಂದೇ ಷರತ್ತು ಹಾಕಿದರು. "ಏಕಹೀ ತಕ್ರಾರ್ ನಕೋ." ಸೀಸನ್ ಮುಗಿಯುವವರೆಗೆ ಗಿರಾಕಿಗಳಿಂದ ಒಂದೂ ತಕರಾರು ಬರದಿದ್ದರೆ ಕೊನೆಯ ಸಿಂಗಪುರದ ಗುಂಪಿಗೆ ನಾನೇ ಲೀಡರ್. ಒಂದು ಬಂದರೂ ಮತ್ತೆ ಅದೇ ಕುರ್ಚಿ, ಅದೇ ಭಾಷಣ.

೧. ಜೋಪಾನ

ಪಾಸ್‌ಪೋರ್ಟ್ ಜೋಪಾನವಾಗಿಡಿ ಎಂದು ನಾನು ಮೀಟಿಂಗಿನಲ್ಲಿ ಮೂರು ಸಲ ಹೇಳುತ್ತೇನೆ. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಮೂರೂ ಸಲ ತಲೆಯಾಡಿಸಿದ್ದರು. ರವಿವಾರ ಅವರ ವಿಮಾನ. ಶುಕ್ರವಾರ ಮಧ್ಯಾಹ್ನ ಸುಮ್ಮನೆ ಫೋನ್ ಮಾಡಿ, ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದೆ.

"ಅದರ ಚಿಂತೀನ ಬಿಡ್ರಿ. ಬ್ಯಾಂಕಿನ ಲಾಕರ್‌ದಾಗ ಅದ. ಕಳ್ಳ ಅಷ್ಟ ಅಲ್ಲ, ನಾನೂ ಮುಟ್ಟಂಗಿಲ್ಲ."

ಮರುದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಗಡಿಯಾರ ನೋಡಿದರೆ ಮೂರು ಗಂಟೆ. ಸ್ಕೂಟರ್ ತೆಗೆದು ಅವರ ಅಂಗಡಿಗೆ ಹೋದೆ. ಗಿರಾಕಿ ಮುಂದೆ ಸೀರೆ ಬಿಡಿಸುತ್ತಿದ್ದವರನ್ನು ಹಾಗೆಯೇ ಎಬ್ಬಿಸಿ ಹಿಂದೆ ಕೂರಿಸಿಕೊಂಡೆ. ಅರ್ಧ ದಾರಿಯಲ್ಲಿ ಲಾಕರಿನ ಕೀಲಿ ಹೆಂಡತಿಯ ಹತ್ತಿರ ಇದೆ ಎಂದರು. ಮನೆಗೆ ತಿರುಗಿಸಿದೆ. ಬ್ಯಾಂಕಿನವರು ಬಾಗಿಲು ಎಳೆಯುವ ಹೊತ್ತಿಗೆ ಒಳಗೆ ಹೊಕ್ಕೆವು. ನನ್ನ ಸಿಂಗಪುರವೂ ಆ ಲಾಕರಿನಲ್ಲೇ ಇದ್ದಂತೆ ನಾನು ಬಾಗಿಲು ಕಾಯುತ್ತ ನಿಂತಿದ್ದೆ.

ಪಾಸ್‌ಪೋರ್ಟ್ ಹಿಡಿದು ಹೊರಗೆ ಬಂದ ಸಾಹುಕಾರರ ಮುಖದಲ್ಲಿ ಮಾತ್ರ ಸಮಾಧಾನವಿರಲಿಲ್ಲ.

"ಅಲ್ರಿ, ಈಗ ರವಿವಾರದ ತನಕಾ ಇದನ್ನ ಎಲ್ಲಿ ಇಡೂದು?"

೨. ಡಬ್ಬಿ

ತಿನ್ನುವುದಕ್ಕೆ ಒಣ ಪದಾರ್ಥ ತನ್ನಿ, ನಿಮ್ಮ ಮನೆಯವರಿಗೆ ಎರಡು ದಿನಕ್ಕೆ ಆಗುವಷ್ಟು ಸಾಕು ಎಂದು ದುಬೈಗೆ ಹೊರಟ ಗುಂಪಿಗೆ ಹೇಳಿದ್ದೆ. ಹೆಂಗಸರೆಲ್ಲ ಹೂಂ ಎಂದರು. ಆದರೆ ನಾಲ್ಕು ಮಂದಿ ಎದುರಿಗೆ ಕೂತಾಗ ಕೊಡದೆ ತಿನ್ನುವುದು ಹೇಗೆ? ಹನ್ನೆರಡು ಮನೆಯವರೂ ಹನ್ನೆರಡು ಮನೆಗೆ ಆಗುವಷ್ಟು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಚಕ್ಕುಲಿ ಹೊತ್ತು ಹೋದರು. ಮೊದಲ ದಿನವೇ ಡಬ್ಬಿಗಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊರಟವು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ತಿರುಗಿಸುವ ಪದ್ಧತಿ ಇಲ್ಲ. ಹಿಂಡಿ ಹೋದ ಡಬ್ಬಿಯಲ್ಲಿ ಚಕ್ಕುಲಿ ಬಂತು, ಚಕ್ಕುಲಿ ಹೋದದ್ದರಲ್ಲಿ ಉಂಡಿ ಬಂತು. ಐದು ದಿನ ಎಲ್ಲರೂ ತಿಂದರು, ಯಾವ ಡಬ್ಬಿಯೂ ಬರಿದಾಗಲಿಲ್ಲ.

ಗುಂಪು ತಿರುಗಿ ಬಂದ ಮರುದಿನ ಧನಕವಡಿಯ ಅಕ್ಕನವರೊಬ್ಬರ ಫೋನು.

"ಟೂರ್ ಛಲೋ ಆತ್ರಿ. ಆದ್ರ ನಮ್ಮ ತವರುಮನಿ ಸ್ಟೀಲ್ ಡಬ್ಬಿ ಬಂದಿಲ್ಲ. ನಿಮ್ಮ ಮಾಲೀಕರಿಗೆ ಒಂದು ಮಾತು ಹೇಳ್ಲೇನು?"

"ಬ್ಯಾಡ್ರಿ ಅಕ್ಕಾರ, ನಾ ತಂದ ಕೊಡ್ತೀನಿ" ಎಂದೆ. ಮನೆಮನೆಗೆ ಫೋನ್ ಮಾಡಿದ ಮೇಲೆ ಡಬ್ಬಿ ಊರಿನ ಇನ್ನೊಂದು ತುದಿ ಮಗರಪಟ್ಟಾದ ಒಂದು ಮನೆಯಲ್ಲಿ ಸಿಕ್ಕಿತು. ಅಲ್ಲಿಯವರು ಖಾಲಿ ಡಬ್ಬಿ ಕೊಡಲು ಒಪ್ಪಲಿಲ್ಲ. ಅವಲಕ್ಕಿ ಚೂಡಾ ಹುರಿದು ತುಂಬುವವರೆಗೆ ಮುಕ್ಕಾಲು ಗಂಟೆ ಕೂತೆ. ಧನಕವಡಿಗೆ ತಂದು ಕೊಟ್ಟೆ. ಅಕ್ಕನವರಿಗೆ ಆದ ಸಂತೋಷ ಹೇಳತೀರದು. ಪಾಪ, ಇಷ್ಟು ದೂರ ಓಡಾಡಿದಿರಿ ಎಂದು ಇನ್ನೊಂದು ಡಬ್ಬಿಯಲ್ಲಿ ಕರದಂಟು ಹಾಕಿ ನನ್ನ ಕೈಗೆ ಕೊಟ್ಟರು.

ಮನೆಯಲ್ಲಿ ಹೆಂಡತಿ ಕರದಂಟು ತಿನ್ನುತ್ತ ಡಬ್ಬಿಯನ್ನು ತಿರುವಿ ನೋಡಿದಳು. "ಇದರಾಗ ನಾವ್ ಏನ್ ಹಾಕಿ ಕೊಡೂದ್ರಿ?"

೩. ರಜೆ

ಪುಣೆಯದೇ ವಾಕಡದಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರೊಬ್ಬರು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ರಜೆ ಹಾಕಿ, ಹೆಂಡತಿಯೊಡನೆ ಮಲೇಶಿಯಾಕ್ಕೆ ಹೊರಟರು. ಐದು ದಿನ ಹೋಟೆಲಿನ ಚಿಂತೆ ಬಿಟ್ಟುಬಿಡಿ ಎಂದು ಅವರಿಗೆ ಬೇರೆಯಾಗಿಯೇ ಹೇಳಿದ್ದೆ. "ಆಯ್ತು ಮಾರಾಯ್ರೆ" ಎಂದಿದ್ದರು.

ಅವರು ತಿರುಗಿ ಬರುವ ಮೊದಲೇ ಅಲ್ಲಿಯ ಹೋಟೆಲಿನಿಂದ ನಮ್ಮ ಆಫೀಸಿಗೆ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂತು. ಮಾಲೀಕರು ಎದುರಿಗೆ ಕೂತು ಓದು ಎಂದರು. ನಿಮ್ಮ ಒಬ್ಬ ಅತಿಥಿ ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ತಿಂಡಿಯ ಕೋಣೆಗೆ ಬರುತ್ತಾರೆ ಎಂದು ಶುರುವಾಗಿತ್ತು. ಬಂದವರನ್ನು ಖಾಲಿ ಟೇಬಲ್ಲಿಗೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ತಿಂದು ಮುಗಿಸಿದವರ ಪಕ್ಕದಲ್ಲಿ ಅವರು ಏಳುವವರೆಗೆ ನಿಲ್ಲುತ್ತಾರೆ. ಮೂರನೇ ದಿನ ಲೋಟದೊಳಗೆ ಬೆರಳಿಟ್ಟು ಹಿಡಿದ ನಮ್ಮ ಮಾಣಿಗೆ ಯಾವುದೋ ಭಾಷೆಯಲ್ಲಿ ಬೈದರು. ಇಷ್ಟು ಓದುವಷ್ಟರಲ್ಲೇ ಸಿಂಗಪುರ ಹೋಯಿತು ಎಂದುಕೊಂಡೆ. ಕೊನೆಯ ಸಾಲಿನಲ್ಲಿ, ಅವರು ಬಂದಾಗಿನಿಂದ ನಮ್ಮಲ್ಲಿ ಯಾರೂ ಜಾಗಕ್ಕೆ ಕಾಯಬೇಕಾಗಿಲ್ಲ, ಇನ್ನೆರಡು ದಿನ ಉಳಿಯುತ್ತಾರೆಯೇ ಎಂದು ಕೇಳಿದ್ದರು.

ಬಂದ ಮೇಲೆ ಅವರನ್ನು ಸ್ವಲ್ಪ ಗದರಿಸುವ ದನಿಯಲ್ಲೇ ಕೇಳಿದೆ, "ನೀವು ರಜೆಗೆ ಹೋದದ್ದಲ್ವೇನ್ರಿ?"

"ಮತ್ತೆಂತ? ರಜೆಯೇ. ಐದು ದಿನ ಗಲ್ಲಾದಲ್ಲಿ ಕೂರಲೇ ಇಲ್ಲ."

೪. ಇದ್ದಲ್ಲೇ ನಿಲ್ಲಿ

ಅಂತೂ ಸೀಸನ್ ಮುಗಿಯಿತು, ತಕರಾರು ಬರಲಿಲ್ಲ. ಮಾಲೀಕರು ಮಾತು ಉಳಿಸಿಕೊಂಡರು. ಇಪ್ಪತ್ತಾರು ಜನರನ್ನು ಕರೆದುಕೊಂಡು ನಾನು ಸಿಂಗಪುರದಲ್ಲಿ ಇಳಿದೆ. ಈ ಒಂದು ಪ್ರವಾಸ ಸರಿಯಾಗಿ ಆದರೆ ಇನ್ನು ಮುಂದೆಯೂ ನಾನೇ ಲೀಡರ್ ಎಂದು ಹೇಳಿ ಕಳಿಸಿದ್ದರು.

ಬಸ್ಸಿನಲ್ಲೇ ಎರಡು ಮಾತು ಹೇಳಿದೆ. ಒಂದು, ರೋಮಿಂಗಿನ ದೊಡ್ಡ ಬಿಲ್ಲು ಬರುತ್ತದೆ, ಹೊರಗೆ ತಿರುಗುವಾಗ ಫೋನ್ ಆಫ್ ಮಾಡಿಟ್ಟುಕೊಳ್ಳಿ. ಎರಡು, ಯಾರಾದರೂ ತಪ್ಪಿಸಿಕೊಂಡರೆ ಅತ್ತಿತ್ತ ಓಡಾಡಬೇಡಿ. ಇದ್ದಲ್ಲೇ ನಿಲ್ಲಿ, ಉಳಿದವರು ಹುಡುಕಿಕೊಂಡು ಬರುತ್ತಾರೆ.

ಎರಡನೇ ದಿನ ಒಂದು ದೊಡ್ಡ ಶಾಪಿಂಗ್ ಮಾಲಿಗೆ ಹೋದೆವು. ಹೊರಗೆ ಬಂದು ಎಣಿಸಿದರೆ ಇಪ್ಪತ್ತೈದು. ಉಳಿದ ಒಬ್ಬರನ್ನು ಹುಡುಕಲು ನಾನು ಮತ್ತೆ ಒಳಗೆ ಹೋದೆ. ಮೂರು ಮಹಡಿ ತಿರುಗಿ ಹೊರಗೆ ಬಂದರೆ ಅದೇ ಬಾಗಿಲು, ಅದೇ ಮೆಟ್ಟಿಲು, ಅದೇ ಹೂಕುಂಡ. ಜನ ಮಾತ್ರ ಇಲ್ಲ. ಅದು ಬೇರೆ ಬಾಗಿಲು ಎಂದು ನನಗೆ ಹೊಳೆಯಲಿಲ್ಲ. ಒಂದೊಂದಾಗಿ ಇಪ್ಪತ್ತಾರೂ ಫೋನು ಹಚ್ಚಿದೆ. ಇಪ್ಪತ್ತಾರೂ ಆಫ್. ಹನ್ನೊಂದು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ.

ನಿಜವಾಗಿಯೂ ಹೆದರಿಕೆಯಾಯಿತು. ಹುಡುಕಿಕೊಂಡು ಹೋಗಲೇ ಎಂದರೆ, ಅಷ್ಟರಲ್ಲಿ ಅವರು ಇಲ್ಲಿಗೆ ಬಂದುಬಿಟ್ಟರೆ? ನಿಯಮ ಹೇಳಿದವನೇ ಮುರಿಯುವುದು ಸರಿಯಲ್ಲ ಎಂದು ಇದ್ದಲ್ಲೇ ನಿಂತೆ. ಎರಡು ತಾಸು ನಿಂತೆ.

ಕೊನೆಗೆ ಬಸ್ಸಿನ ಡ್ರೈವರನೇ ಬೇಸತ್ತು ಕಟ್ಟಡದ ಸುತ್ತ ಒಂದು ಸುತ್ತು ಹಾಕಿ, ನನ್ನನ್ನು ಕಂಡು ಹತ್ತಿಸಿಕೊಂಡ. ನಾವು ಮೊದಲು ಹೊರಬಂದಿದ್ದ ಹಿಂಭಾಗದ ಬಾಗಿಲಿಗೆ ಹೋದರೆ, ಕಾಣದಿದ್ದ ಆ ಒಬ್ಬರೂ ಸೇರಿ ಇಪ್ಪತ್ತಾರು ಜನರೂ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಗುಂಪಿನಲ್ಲಿದ್ದ ನಿವೃತ್ತ ಟೀಚರಮ್ಮ ಎದ್ದು ನಿಂತರು.

"ಎಲ್ಲಿ ಹೋಗಿದ್ರಿ ಸರ?"

"ನಾ ಎಲ್ಲೂ ಹೋಗಿಲ್ರಿ. ನೀವು ಹುಡುಕ್ಕೋತ ಬರ್ತೀರಂತ ಅಲ್ಲೇ ನಿಂತಿದ್ದೆ."

"ನಾವೂ ನೀವು ಬರ್ತೀರಂತ ಇಲ್ಲೇ ಕುಂತೀವಿ."

"ತಪ್ಪಿಸಿಕೊಂಡಾಂವ ನಾನರಿ. ನೀವು ಬರಬೇಕಾಗಿತ್ತು."

"ಅದನ್ನ ನಾವು ವಿಚಾರ ಮಾಡಿದ್ವಿ" ಎಂದರು ಟೀಚರಮ್ಮ, ಶಾಂತವಾಗಿ. "ಲೀಡರ್ ತಪ್ಪಿಸಿಕೊಳ್ಳೂದು ಹ್ಯಾಂಗ? ನಾವ ತಪ್ಪಿಸಿಕೊಂಡೀವಿ ಅಂತ ಎಲ್ಲಾರೂ ಕೂಡಿ ಠರಾವು ಮಾಡಿದ್ವಿ."

ಆ ಸಂಜೆ ಟೀಚರಮ್ಮ ಮಾಲೀಕರಿಗೆ ಫೋನ್ ಮಾಡಿ, ಇದು ತಕರಾರಲ್ಲ, ಸುಮ್ಮನೆ ಹೇಳುತ್ತಿದ್ದೇನೆ ಎಂದು ನಡೆದದ್ದನ್ನೆಲ್ಲ ಮರಾಠಿಯಲ್ಲಿ ಒಪ್ಪಿಸಿದರು. ನನಗೆ ರಾತ್ರಿ ಊಟ ಸೇರಲಿಲ್ಲ.

ಪುಣೆಗೆ ಬಂದಾಗ ಮಾಲೀಕರು ಬೈಯಲಿಲ್ಲ. ತಕರಾರಲ್ಲ ಎಂದು ಗಿರಾಕಿಯೇ ಹೇಳಿದ ಮೇಲೆ ಮುಗಿಯಿತು, ಮುಂದಿನ ಸಲವೂ ನೀನೇ ಹೋಗು ಎಂದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಪ್ರವಾಸಿಗರಿಗೆ ಹಂಚುವ ಸೂಚನೆಗಳ ಹೊಸ ಹಾಳೆ ಕೈಗಿತ್ತರು. ಮೀಟಿಂಗಿನಲ್ಲಿ ಅದನ್ನು ಗಟ್ಟಿಯಾಗಿ ಓದಬೇಕಾದವನು ನಾನೇ. ಮೊದಲನೇ ಸಾಲು ಹೀಗಿದೆ: "ಪಾಸ್‌ಪೋರ್ಟ್, ಔಷಧಿ ಮತ್ತು ಟೂರ್ ಲೀಡರ್, ಇವು ಕಳೆದುಹೋಗದಂತೆ ನೋಡಿಕೊಳ್ಳುವುದು ಪ್ರವಾಸಿಗರ ಜವಾಬ್ದಾರಿ."