ಮಡಚಿದರೆ ಕಾಣುವ ಹೆಸರು

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರೆ. ನಮ್ಮ ಕಡೆ ಎಡಗೈಗೆ ಗೊತ್ತಾಗದಿದ್ದರೂ ನಡೆಯುತ್ತದೆ, ಊರಿಗೆ ಮಾತ್ರ ಗೊತ್ತಾಗಬೇಕು. ಗುಡಿಗೆ ಫ್ಯಾನು ಕೊಟ್ಟರೆ ರೆಕ್ಕೆಯ ಮೇಲೆ ಹೆಸರು ಬರೆಸುತ್ತೇವೆ. ಬಿರುಬೇಸಿಗೆಯಲ್ಲಿ ಜನ ಬೆವರುತ್ತಿದ್ದಾಗ, "ಫ್ಯಾನ್ ಹಾಕಬ್ಯಾಡ್ರೋ, ತಿರುಗಿದ್ರ ಹೆಸರ ಓದಾಕ ಬರೂದಿಲ್ಲ!" ಎಂದು ಕೂಗಿದ ದಾನಿಯೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗುವನ್ನು ಈಗ ಹಿಂದಕ್ಕೆ ಪಡೆಯುವ ಕಾಲ ಬಂದಿದೆ.

ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಹುಕ್ಕೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸಿದೆ. ಅದನ್ನು ಮಗನಿಗೆ ಒಪ್ಪಿಸಿದ ಮೇಲೆ ಮಾಡಲು ಕೆಲಸವಿಲ್ಲದೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಕಮಿಟಿ ಸೇರಿದೆ. ಕೆಲಸವಿಲ್ಲದವರಿಗಾಗಿಯೇ ದೇವರು ಕಮಿಟಿಗಳನ್ನು ಸೃಷ್ಟಿಸಿದ್ದಾನೆ. ಹಾಸ್ಟೆಲ್ಲಿನ ಕೋಣೆಗಳು ಬಹಳ ಸಣ್ಣವು. ಮಂಚ ಇಟ್ಟರೆ ಮೇಜಿಗೆ ಜಾಗವಿಲ್ಲ, ಮೇಜು ಇಟ್ಟರೆ ಹುಡುಗಿಯರಿಗೇ ಜಾಗವಿಲ್ಲ. ಕಣಗಲಾ ಊರಿನ ಸವಿತಾ ಎಂಬ ಎಂ.ಎ. ಓದುವ ಹುಡುಗಿ ಉಳಿದವರ ಪರವಾಗಿ ಬಂದು, "ನಮಗ ಫ್ಲೆಕ್ಸಿಬಲ್ ಫರ್ನಿಚರ್ ಬೇಕ್ರಿ" ಅಂದಳು. ನಮ್ಮ ಅಧ್ಯಕ್ಷರು ತಕ್ಷಣ, "ಅದಕ್ಕೇನವ್ವಾ, ದೊಡ್ಡ ಫ್ಲೆಕ್ಸ್ ಮಾಡಿಸಿ ಬಸ್‌ಸ್ಟ್ಯಾಂಡ್ ಮುಂದ ಹಾಕೂನು" ಅಂದರು. ಅವರ ತಪ್ಪೇನಿಲ್ಲ. ನಮ್ಮೂರಲ್ಲಿ ಹಲ್ಲು ಹುಟ್ಟಿದವನಿಗೂ ಫ್ಲೆಕ್ಸು, ಹಲ್ಲು ಬಿದ್ದವನಿಗೂ ಫ್ಲೆಕ್ಸು. ಹುಡುಗಿ ನಗು ತಡೆದುಕೊಂಡು, "ಫ್ಲೆಕ್ಸ್ ಅಲ್ರಿ ಅಜ್ಜಾರ. ಬೇಕಾದಾಗ ಬಿಚ್ಚಾಕ, ಬ್ಯಾಡಾದಾಗ ಮಡಚಾಕ ಬರೂವಂಥಾ ಸಾಮಾನು" ಅಂದಳು. ನಾನು ಹುರುಪಿನಲ್ಲಿ, "ಎಲ್ಲಾ ಕೋಣಿಗೂ ದಾನ ನಂದ ಇರಲಿ" ಎಂದುಬಿಟ್ಟೆ.

ಸಾಮಾನು ಆರಿಸಲು ಅವಳನ್ನೂ ಕರೆದುಕೊಂಡು ಗೋಕಾಕದ ಫರ್ನಿಚರ್ ಅಂಗಡಿಗೆ ಹೋದೆ. ಅದು ಅಂಗಡಿಯೋ ಜಾದೂಗಾರನ ಡೇರೆಯೋ ತಿಳಿಯಲಿಲ್ಲ. ಕಪಾಟು ಎಳೆದರೆ ಮಂಚವಾಯಿತು, ಸ್ಟೂಲಿನ ಹೊಟ್ಟೆಯೊಳಗಿಂದ ಇನ್ನೊಂದು ಸ್ಟೂಲು ಹುಟ್ಟಿತು. ಕೊನೆಗೆ ಗೋಡೆಗೆ ಜೋಡಿಸುವ ಮೇಜು ತೋರಿಸಿದರು. ಹುಕ್ಕು ತೆಗೆದು ಇಳಿಸಿದರೆ ಮೇಜು, ಮೇಲೆತ್ತಿ ಹುಕ್ಕು ಹಾಕಿದರೆ ಗೋಡೆಗೆ ಅಂಟಿದ ಹಲಗೆ. ಸವಿತಾ ಅದರ ಮೇಲೆ ಮೊಳಕೈ ಊರಿ, "ಬರಿಯೂಮುಂದ ಅಲಗಾಡತೈತೇನ್ರಿ?" ಎಂದು ಕೇಳಿದಳು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಹೆಸರ ಎಲ್ಲಿ ಬರಸೂದು?"

ಅಂಗಡಿಯವ ನನ್ನ ನಾಡಿ ಹಿಡಿದ. "ಮ್ಯಾಲ ಬರಸಿದ್ರ ಪುಸ್ತಕದಾಗ ಮುಚ್ಚಿ ಹೋಗತೀರಿ ಮಾಲಕ್ರ. ತಳಕ್ಕ ಬರಸ್ರಿ. ಮಡಚಿದಾಗ ಗ್ವಾಡಿ ತುಂಬ ನೀವ ಕಾಣತೀರಿ. ಬಾಜೂಕ ಫೋಟೋನೂ ಹಚ್ಚೂನೇನ್ರಿ?" ಜೀವಮಾನವೆಲ್ಲ ಗಿರಾಕಿಗಳಿಗೆ ಬೆಣ್ಣೆ ಹಚ್ಚಿದ ನಾನು ಆ ಬೆಣ್ಣೆಯ ಮೇಲೆಯೇ ಜಾರಿಬಿದ್ದೆ. ಅಂತೂ ಅಧ್ಯಕ್ಷರು ಹೇಳಿದ ಫ್ಲೆಕ್ಸು ಬಂದೇಬಂತು. ಕೋಣೆಗೊಬ್ಬನಂತೆ ಪೇಟ ಸುತ್ತಿ ನಗುವ ನಾನು.

ಯಾರಾದರೂ ಓದುತ್ತಿದ್ದರೆ ನನ್ನ ಹೆಸರು ನೆಲ ನೋಡುತ್ತದೆ, ಯಾರೂ ಓದದಿದ್ದರೆ ಊರು ನೋಡುತ್ತದೆ. ಇದನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡವರು ವಾರ್ಡನ್ ಅಕ್ಕಾರು. ನನ್ನ ಕೋಲಿನ ಸಪ್ಪಳ ಕೇಳಿದೊಡನೆ, "ಅಜ್ಜಾರು ಬಂದ್ರು, ಮಡಚ್ರೆವ್ವಾ!" ಎಂದು ಕೂಗುತ್ತಿದ್ದರು. ಒಂದರ ಹಿಂದೊಂದು ಮೇಜು ಗೋಡೆಗೆ ಬಡಿಯುವ ತಟ್ ತಟ್ ಸದ್ದು ನನಗೆ ಚಪ್ಪಾಳೆಯಂತೆ ಕೇಳುತ್ತಿತ್ತು. ಹೀಗಾಗಿ ದಿನಾ ಸಂಜೆ ಹೋದೆ. ಧುಪದಾಳದ ಗೆಳೆಯ ಬಂದರೆ ಅವನನ್ನು ಕರೆದೊಯ್ದೆ, ಬೆಳೆಗೆ ಔಷಧ ಕೇಳಲು ಬಂದ ರೈತನನ್ನೂ ಬಿಡಲಿಲ್ಲ. ನನ್ನ ಹೆಂಡತಿ ಒಂದು ದಿನ, "ನಿಮ್ಮ ಮಾರಿ ನೋಡಾಕ ಹಾಸ್ಟೆಲ್ ತನಕಾ ಯಾಕ ಹೋಗತೀರಿ? ಮನ್ಯಾಗ ಕನ್ನಡಿ ಒಡದೈತೇನು?" ಎಂದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಮೊನ್ನೆ ಮೂಡಲಗಿಯಿಂದ ಬೀಗರು ಬಂದರು. ಚಹಾ ಆರುವ ಮೊದಲೇ ಅವರನ್ನು ಹಾಸ್ಟೆಲ್ಲಿಗೆ ಎಳೆದುಕೊಂಡು ಹೋದೆ. ಚಪ್ಪಾಳೆ ಆಯಿತು. ಒಂದು ಕೋಣೆಯಲ್ಲಿ ಫೋಟೋದ ನನ್ನ ಮೂಗಿನ ಮೇಲೆ ಯಾರದೋ ಹಸಿ ಟಾವೆಲ್ ನೇತುಬಿದ್ದಿತ್ತು, ನೋಡದವನಂತೆ ಮುಂದೆ ನಡೆದೆ. ಸವಿತಾಳ ಕೋಣೆಯಲ್ಲಿ ಅವಳು ನೆಲದ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಬೆನ್ನು ಬಾಗಿಸಿ ಬರೆಯುತ್ತಿದ್ದಳು. ಬೀಗರು ಸುಮ್ಮನಿರುವ ಆಸಾಮಿಯಲ್ಲ. "ಮೇಜ ಇದ್ದೂ ನೆಲದ ಮ್ಯಾಲ ಯಾಕ ಕುಂತೀ ತಂಗಿ?" ಎಂದರು.

"ಅಜ್ಜಾರು ಗ್ವಾಡಿ ಮ್ಯಾಲ ಅದಾರಲ್ರಿ ಕಾಕಾರ. ಅವರು ಇಳದ ಮ್ಯಾಲ ನಾವು ಏರತೇವಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಮುಂದಿನ ವಾರ ಪರೀಕ್ಷಾ ಐತ್ರಿ. ನೀವು ಬಂದು ಹೋಗೂದ್ರಾಗ ದಿನಾ ಒಂದೊಂದು ಪಾಠ ಹೋಗಾಕತ್ತೈತ್ರಿ. ಈ ಸಲ ನಾ ಪಾಸಾಗಲಿಲ್ಲಂದ್ರ ಮನ್ಯಾಗ ಓದು ಬಿಡಸ್ತಾರ್ರಿ" ಎಂದಳು.

ಫ್ಯಾನಿನ ದಾನಿ ಎಲ್ಲೋ ಕೂತು ನಕ್ಕಂತಾಯಿತು. ನಾನೇ ಹೋಗಿ ಹುಕ್ಕು ತೆಗೆದು ನನ್ನನ್ನು ಇಳಿಸಿದೆ. ಸವಿತಾ ಪುಸ್ತಕ ಹರಡಿಕೊಂಡು ಕುಳಿತಳು. ಅಷ್ಟಕ್ಕೇ ನಾನು ಹೊರಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೆಸರು ತಳದಲ್ಲಿ ಕಾಣುತ್ತದೋ ಇಲ್ಲವೋ ಎಂದು ಮನಸ್ಸು ತಡೆಯದೆ, ಕೋಲು ಬಿದ್ದ ನೆಪ ಮಾಡಿ ಬಗ್ಗಿದೆ. ಹೆಸರು ಕಂಡಿತು. ಬೆನ್ನು ಮಾತ್ರ ಅಲ್ಲಿಯೇ ಹಿಡಿದುಕೊಂಡಿತು. ಮಡಚಲು ಬಂತು, ಬಿಚ್ಚಲು ಬರಲಿಲ್ಲ.

"ತಂಗಿ, ಇದರ ಹುಕ್ಕ ಎಲ್ಲೈತಿ ನೋಡವಾ" ಎಂದರು ಬೀಗರು.

ಸವಿತಾ ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು: "ಅದು ಫ್ಲೆಕ್ಸಿಬಲ್ ಅಲ್ರಿ ಕಾಕಾರ, ಹಳೇ ಮಾಲು. ಮೆಲ್ಲಕ ಎತ್ರಿ."

ಪರೀಕ್ಷೆ ಮುಗಿಯುವವರೆಗೆ ಆ ಕಡೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೇನೆ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಮನೆಯಲ್ಲಿ ಮಲಗಿದ್ದೇನೆ. ಪಶ್ಚಾತ್ತಾಪವೂ ಖರೆ, ನೋವೂ ಖರೆ. ಪರೀಕ್ಷೆ ಯಾವಾಗ ಮುಗಿಯುತ್ತದೆ ಎಂದು ವಾರ್ಡನ್ ಅಕ್ಕಾರಿಗೆ ದಿನಾ ಫೋನು ಮಾಡಿ ಕೇಳುತ್ತಿರುವುದೂ ಅಷ್ಟೇ ಖರೆ.