ಸಾವಿರದ ಆರುನೂರ ನಲವತ್ತು ಕಿಲೋ ಆಸೆ

ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನನ್ನನ್ನು ‘ಸರಳ ಮನುಷ್ಯ’ ಎನ್ನುತ್ತಿದ್ದಳು. ಹತ್ತು ವರ್ಷ ಕಳೆದ ಮೇಲೆ ‘ಹಗುರ ಮನುಷ್ಯ’ ಎನ್ನತೊಡಗಿದಳು. ಅವಳ ತಪ್ಪಲ್ಲ. ಅವಳು ಕೆಲಸ ಮಾಡುವುದು ವೇ ಬ್ರಿಡ್ಜ್‌ನಲ್ಲಿ. ಊರೊಳಗೆ ಬರುವ, ಊರು ಬಿಟ್ಟು ಹೋಗುವ ಲಾರಿಗಳನ್ನೆಲ್ಲ ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ, ತೂಗಿ, ಚೀಟಿ ಹರಿದು ಕೊಡುವುದು ಅವಳ ಉದ್ಯೋಗ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವಳು ಮನೆಗೆ ಬಂದು ಗಂಡನನ್ನು ತೂಗದೆ ಬಿಡುತ್ತಾಳೆಯೇ?

ನಾನು ಹಾಸಿಗೆ ಅಂಗಡಿಯವನು. ನನ್ನ ಪುಟ್ಟ ಪಿಕಪ್ ಹಾಸಿಗೆ ಹೊತ್ತೇ ಬೆಳೆದದ್ದು. ಹತ್ತು ಫೋಮ್ ಹಾಸಿಗೆ ಹೇರಿದರೆ ನೋಡುವವರ ಕಣ್ಣಿಗೆ ಮಹಡಿ ಮನೆಯೊಂದು ರಸ್ತೆಯಲ್ಲಿ ಹೋಗುತ್ತಿರುವಂತೆ ಕಾಣುತ್ತದೆ, ಭಾರ ಮಾತ್ರ ಇಬ್ಬರು ಬೀಗರಷ್ಟು. (ಊಟಕ್ಕೆ ಮುಂಚಿನ ಬೀಗರು.) ಹೀಗಾಗಿ ವಸ್ತು ದೊಡ್ಡದಾದಷ್ಟೂ ಹಗುರ ಎಂಬ ಲೆಕ್ಕವೊಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ನನಗೊಂದು ಆಸೆಯಿತ್ತು. ಹೇಳಿದರೆ ನಗುತ್ತೀರಿ, ನಗಿ. ನೀರಿನ ಮೇಲೆ ಒಮ್ಮೆ ಮಲಗಬೇಕು. ಸಾವಿರಾರು ಜನರಿಗೆ ಹಾಸಿಗೆ ಮಾರಿದವನು ನಾನು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಂಗಡಿಯ ಹಾಸಿಗೆ ಮೇಲೆ ಕಣ್ಣು ಮುಚ್ಚಿ ಮಲಗಿ, ಇದು ದೋಣಿ, ಕೆಳಗೆ ನೀರು, ಮೇಲೆ ಆಕಾಶ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಗೋಡೆಯ ಮೇಲೆ ಸರೋವರದ ಚಿತ್ರವಿರುವ ಹಳೇ ಕ್ಯಾಲೆಂಡರ್ ಇದೆ. ಆ ಚಿತ್ರ ಜೂನ್ ತಿಂಗಳದ್ದು. ಹಾಳೆ ತಿರುವಲು ಮನಸ್ಸಾಗದೆ ನನ್ನ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಜೂನ್ ತಿಂಗಳೇ ನಡೆಯುತ್ತಿದೆ.

ಹೆಂಡತಿಗೆ ಇದನ್ನು ಹೇಳಿದಾಗಲೆಲ್ಲ ಅವಳದು ಒಂದೇ ಉತ್ತರ. “ಆಯ್ತು ರೀ, ಮೊದಲು ಬಾತ್‌ರೂಮಿನ ನಲ್ಲಿ ಸರಿ ಮಾಡ್ಸಿ. ಆಮೇಲೆ ಸರೋವರ.”

ಹೀಗಿರುವಾಗ ನಮ್ಮ ಹಲ್ಲಿನ ಡಾಕ್ಟರು ಅಂಗಡಿಗೆ ಬಂದರು. ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿ ಭಾನುವಾರ ಸಂಜೆ ಮಗಳ ಊರಿಗೆ ಹೊರಡುವವರಿದ್ದರು. ಅಲ್ಲಿಗೆ ಎರಡು ಸ್ಪ್ರಿಂಗ್ ಹಾಸಿಗೆ ಬೇಕು, ಬದಲಿಗೆ ತಮ್ಮ ಮೋಟಾರು ದೋಣಿಯನ್ನು ಟ್ರೇಲರ್ ಸಮೇತ ಕೊಟ್ಟುಬಿಡುತ್ತೇನೆ ಎಂದರು. ನನಗೆ ಕೂತಿದ್ದ ಕುರ್ಚಿಯೇ ತೇಲಿದಂತಾಯಿತು.

“ಭಾನುವಾರ ಮಧ್ಯಾಹ್ನ ಕೆರೆಗೆ ತನ್ನಿ,” ಎಂದರು ಡಾಕ್ಟರು. “ನಡೆಸೋದು ಕಲಿಸ್ತೀನಿ. ಎರಡು ಸುತ್ತು ಹೊಡೆಯೋಷ್ಟು ಟೈಮಿದೆ. ನಿಮಗೊಂದು, ಮನೆಯವರಿಗೊಂದು. ಆಮೇಲೆ ನಾನು ಸಿಗಲ್ಲ.”

“ಭಾರ ಎಷ್ಟಿದೆ ಸಾರ್?”

“ದೋಣಿ ಐನೂರೈವತ್ತು ಕಿಲೋ. ಹೂವು!”

ಪಿಕಪ್ ಜೊತೆ ಬಂದ ಪುಸ್ತಕದಲ್ಲಿ ‘ಎಳೆಯಬಹುದಾದ ಗರಿಷ್ಠ ಭಾರ ಸಾವಿರದ ಇನ್ನೂರು’ ಎಂದಿತ್ತು. ಐನೂರೈವತ್ತಕ್ಕೂ ಸಾವಿರದ ಇನ್ನೂರಕ್ಕೂ ಎಲ್ಲಿಂದೆಲ್ಲಿಯ ದೂರ! ಶನಿವಾರ ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಒಂದು ಮಾತೂ ಹೇಳದೆ, ಊರಾಚೆ ಇರುವ ಡಾಕ್ಟರ ಮನೆಗೆ ಹೋಗಿ, ಪಿಕಪ್ಪಿನ ಬಾಲಕ್ಕೆ ಟ್ರೇಲರ್ ಸಿಕ್ಕಿಸಿಕೊಂಡು ದಿಗ್ವಿಜಯಕ್ಕೆ ಹೊರಟೆ. ದೋಣಿಯ ಹಿಂತುದಿಯಲ್ಲಿ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕುರ್ಚಿಯನ್ನೇ ಬೋಲ್ಟು ಹಾಕಿ ಕೂರಿಸಿದ್ದರು, ಮೀನು ಹಿಡಿಯುವಾಗ ಒರಗಿಕೊಳ್ಳಲು. ನೌಕಾಧಿಪತಿಯ ಸಿಂಹಾಸನ! ನನ್ನ ಎದೆ ಉಬ್ಬಿಹೋಯಿತು.

ಮೊದಲ ಇಳಿಜಾರಿನಲ್ಲೇ ಆ ಎದೆ ಇಳಿಯಿತು. ಟ್ರೇಲರ್ ಬಾಲ ಬೀಸಲು ಶುರು ಮಾಡಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಯಾರೋ ನನ್ನ ಪಿಕಪ್ಪನ್ನು ಹಿಂದಿನಿಂದ ಎತ್ತಿ ಹಿಡಿದು, ಮಕ್ಕಳ ಕಿವಿ ಹಿಡಿದು ಆಡಿಸಿದಂತೆ ಅತ್ತಿತ್ತ ಆಡಿಸತೊಡಗಿದರು. ಗಾಬರಿಯಲ್ಲಿ ಬ್ರೇಕ್ ಅದುಮಿದೆ. (ಅದುಮಬಾರದಂತೆ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಸುಮ್ಮನಿರಬೇಕಂತೆ. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.) ಎದುರಿಗೆ ಬಂದ ಸೈಕಲ್ ಸವಾರನೊಬ್ಬ ಸೈಕಲ್ ಬಿಟ್ಟು ಬೇಲಿ ಹಾರಿದ. ಹೇಗೋ ಗಾಡಿ ಹತೋಟಿಗೆ ಬಂತು. ಬೆವರಿ ತೊಪ್ಪೆಯಾಗಿ, ಸೈಕಲ್ಲಿಗಿಂತ ನಿಧಾನವಾಗಿ ಮುಂದೆ ಸಾಗಿದೆ.

ಮುಂದೆ ಎಂದರೆ ಎಲ್ಲಿಗೆ? ಊರೊಳಗೆ ಹೋಗಲು ಇರುವ ಒಂದೇ ರಸ್ತೆ ನನ್ನ ಹೆಂಡತಿಯ ಕಿಟಕಿಯ ಮುಂದೆ ಹಾದುಹೋಗುತ್ತದೆ. ಸಂತೋಷದ ಭರದಲ್ಲಿ ಅದನ್ನು ಮರೆತಿದ್ದೆ. ಕಂಬಕ್ಕೆ ಕಟ್ಟಿದ ಸ್ಪೀಕರ್ ಕರಕರ ಎಂದಿತು.

“ದೋಣಿ ಗಾಡಿಯವರು ಎಡಕ್ಕೆ ಬನ್ನಿ. ತೂಕ ಹಾಕಿಸ್ಕೊಳ್ಳಿ.”

ಆ ಧ್ವನಿಯಲ್ಲಿ ಗಂಡ ಎಂಬ ಗುರುತೇ ಇರಲಿಲ್ಲ. ನನ್ನ ಮುಂದಿದ್ದ ಕಲ್ಲಿನ ಲಾರಿಯವನು ತಿರುಗಿ ನೋಡಿ ನಕ್ಕ. ಟ್ರೇಲರನ್ನು ಮಾತ್ರ ಕಬ್ಬಿಣದ ಹಾಸಿನ ಮೇಲೆ ಬಿಟ್ಟು, ಪಿಕಪ್ ಕಳಚಿ, ಕೈಕಟ್ಟಿ ನಿಂತೆ. ಅವಳು ಚೀಟಿ ಹರಿದು ಕಿಟಕಿಯಿಂದ ಚಾಚಿದಳು. ಸಾವಿರದ ಆರುನೂರ ನಲವತ್ತು!

“ಡಾಕ್ಟರು ಐನೂರೈವತ್ತು ಅಂದ್ರು ಕಣೇ,” ಎಂದೆ.

“ಅದು ಬರೀ ದೋಣಿ. ಟ್ರೇಲರನ್ನ ಯಾರು ಹೊರ್ತಾರೆ? ಇಂಜಿನ್? ಪೆಟ್ರೋಲು? ಹಲ್ಲು ಕೀಳೋ ಕುರ್ಚಿ ಬೇರೆ! ದೋಣಿಯೊಳಗೆ ನೀರಿದೆ, ಗೊತ್ತಾ?”

“ದೋಣಿ ಅಂದ್ಮೇಲೆ ನೀರು ಇರಲ್ವೇನೇ?”

“ಹೊರಗಡೆ ಇರ್ಬೇಕು ರೀ! ಒಳಗಡೆ ಅಲ್ಲ!”

ದೋಣಿಯನ್ನು ವಾಪಸ್ ಕಳಿಸುತ್ತಾಳೆ, ನನ್ನ ಪಾಲಿಗೆ ಕ್ಯಾಲೆಂಡರೇ ಗತಿ ಎಂದುಕೊಂಡೆ. ಆದರೆ ಅವಳು ಕಿಟಕಿ ಮುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಕೆಳಗಿಳಿದು ಬಂದಳು.

ದೋಣಿಯ ತಳದಲ್ಲೊಂದು ಬಿರಡೆ ಇತ್ತು. ಅದನ್ನು ತಿರುಗಿಸಿದಳು. ಎಷ್ಟೋ ಮಳೆಯ ನೀರು ಅರ್ಧ ಗಂಟೆ ಹರಿಯಿತು. ಇನ್ನೂರ ಎಂಬತ್ತು ಕಿಲೋ ಹೋಯಿತು. ಆಮೇಲೆ ಸಿಂಹಾಸನಕ್ಕೆ ಕೈ ಹಾಕಿದಳು.

“ಅದೊಂದು ಇರ್ಲಿ ಕಣೇ,” ಎಂದು ಗೋಗರೆದೆ.

“ನೂರೈವತ್ತು ಕಿಲೋ ರೀ. ಅದೂ ಹಿಂದ್ಗಡೆ. ಹಿಂದೆ ಭಾರ ಆದ್ರೆ ಮೂತಿ ಮೇಲೇಳುತ್ತೆ, ನಿಮ್ಮ ಗಾಡಿ ಹಿಂಭಾಗಾನೂ ಎತ್ತುತ್ತೆ, ಬಾಲ ಬೀಸುತ್ತೆ. ದಾರೀಲಿ ಬೀಸ್ತಾ?”

“ಇಲ್ಲಪ್ಪ.”

“ಹಂಗಾದ್ರೆ ಅಂಗಿ ಯಾಕೆ ಒದ್ದೆ?”

ಕುರ್ಚಿ ಇಳಿಯಿತು. ಎರಡು ಲಂಗರಿನಲ್ಲಿ ಒಂದು ಇಳಿಯಿತು. ಬ್ಯಾಟರಿಗಳು ಮುಂದಕ್ಕೆ ಹೋದವು. ಮೂಟೆ ತೂಗುವ ಸಣ್ಣ ತಕ್ಕಡಿಯನ್ನು ತಂದು ಟ್ರೇಲರಿನ ಮೂತಿಯನ್ನು ಅದರ ಮೇಲಿಟ್ಟು ನೋಡಿದಳು. ಒಟ್ಟು ಭಾರದ ಹತ್ತರಲ್ಲೊಂದು ಪಾಲು ಪಿಕಪ್ಪಿನ ಕೊಕ್ಕೆಯ ಮೇಲೆ ಕೂತರೆ ಗಾಡಿ ಹೇಳಿದ ಮಾತು ಕೇಳುತ್ತದಂತೆ. ಕೂತಿತು. ಒಟ್ಟು ಸಾವಿರದ ನೂರ ಎಂಬತ್ತು. ಎರಡು ಸರಪಳಿಗಳನ್ನು ಕೊಕ್ಕೆಯ ಕೆಳಗೆ ಅಡ್ಡಡ್ಡ ಬಿಗಿದು, ಹಿಂದಿನ ದೀಪ ಪರೀಕ್ಷಿಸಿ, ಸೀಟಿನ ಹಿಂದೆ ಎರಡು ಮರದ ತುಂಡು ಇಟ್ಟಳು.

“ಇಳಿಜಾರಿನಲ್ಲಿ ಚಕ್ರದ ಕೆಳಗೆ ಕೊಡಕ್ಕೆ. ಇನ್ಮೇಲೆ ಒಂದು ಸೂಜಿ ಏರಿಸಿದ್ರೂ ನೋಡಿ ಮತ್ತೆ!”

ಇವಳಿಗೆ ಇಷ್ಟೊಂದು ಮುತುವರ್ಜಿ ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಗಂಡನ ಮೇಲಿನ ಪ್ರೀತಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನೊಂದು ಸಣ್ಣ ಕೆಲಸ ಮಾಡಿದೆ. ಅಂಗಡಿಯಿಂದ ತೆಳ್ಳನೆಯ ಫೋಮ್ ಹಾಸಿಗೆಯೊಂದನ್ನು ಸುರುಳಿ ಸುತ್ತಿ ತಂದು ದೋಣಿಯ ಟಾರ್ಪಾಲಿನ ಕೆಳಗೆ ಸೇರಿಸಿದೆ. ಐದು ಕಿಲೋ. ಅವಳ ಲೆಕ್ಕ ತಪ್ಪಬಾರದಲ್ಲ! ಅದಕ್ಕೆ ಸರಿಯಾಗಿ ಐದು ಕಿಲೋ ಕಡಿಮೆ ಮಾಡಬೇಕೆಂದು ಆ ಎರಡು ಮರದ ತುಂಡುಗಳನ್ನು ತೆಗೆದು ಅಡುಗೆಮನೆಯ ಬಾಗಿಲ ಹಿಂದೆ ಇಟ್ಟೆ. ಜೀವಮಾನದಲ್ಲಿ ಮೊದಲ ಸಲ ತೂಕಕ್ಕೆ ಬೆಲೆ ಕೊಟ್ಟಿದ್ದೆ, ಅದೇ ನನಗೆ ಮುಳುವಾಯಿತು.

ದಾರಿಯುದ್ದಕ್ಕೂ ಅವಳ ಕಣ್ಣು ಸ್ಪೀಡಿನ ಮುಳ್ಳಿನ ಮೇಲೇ ಇತ್ತು. “ನಲವತ್ತು ದಾಟ್ಬೇಡಿ. ಮುಂದಿನ ಗಾಡಿಯಿಂದ ದೂರ ಇರಿ. ಇನ್ನೂ ದೂರ.” ಟ್ರೇಲರ್ ಮಾತ್ರ ಮನೆ ಅಳಿಯನಂತೆ ತಲೆ ತಗ್ಗಿಸಿ ಹಿಂದೆ ಬಂತು. ಕೆರೆಯ ದಡದಲ್ಲಿ ಡಾಕ್ಟರು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು.

ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಹೋಗುವ ಸುಖವನ್ನು ಶತ್ರುವಿಗೂ ಬಯಸಲಾರೆ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. (ಇಪ್ಪತ್ತೆರಡು ವರ್ಷದ ಸಂಸಾರದ ಅನುಭವವಿದ್ದೂ ನನಗೆ ಇದು ಹೊಳೆಯಲಿಲ್ಲ.) ಮುಕ್ಕಾಲು ಗಂಟೆ ಒದ್ದಾಡಿ, ಕೊನೆಗೂ ಕಾಂಕ್ರೀಟಿನ ಇಳಿಜಾರಿನಲ್ಲಿ ಟ್ರೇಲರನ್ನು ನೀರಿಗಿಳಿಸಿದೆ. ಡಾಕ್ಟರು ಇಂಜಿನ್ನಿನ ಬಳಿ ಕೂತರು. ಹಗ್ಗ ಹಿಡಿಯಲು ಹೆಂಡತಿ ಹತ್ತಿದಳು. ದೋಣಿ ಒಮ್ಮೆ ಅಲುಗಿ, ಟ್ರೇಲರಿನಿಂದ ಬಿಡಿಸಿಕೊಂಡು ತೇಲಿತು.

ಗಾಡಿಯನ್ನು ಮೇಲೆ ನಿಲ್ಲಿಸಿ ಓಡಿಬರೋಣವೆಂದು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಪಾಚಿಯ ಮೇಲಿದ್ದವು. ನಿಂತಲ್ಲೇ ಗಿರಗಿರ ತಿರುಗಿದವು, ಪಿಕಪ್ ಒಂದು ಗೇಣು ನೀರಿನತ್ತ ಜಾರಿತು. ಹ್ಯಾಂಡ್ ಬ್ರೇಕ್ ಎಳೆದೆ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಇನ್ನೊಂದು ಗೇಣು ಜಾರಿತು. ಕಾಲಿನ ಬ್ರೇಕ್ ಅದುಮಿದಾಗ ಒಣನೆಲದಲ್ಲಿದ್ದ ಮುಂದಿನ ಚಕ್ರಗಳು ಹಿಡಿದುಕೊಂಡವು. ನಿಂತಿತು. ಕಾಲು ತೆಗೆದರೆ ನನ್ನ ಪಿಕಪ್ ಮೀನುಗಳ ಪಾಲು.

“ಇಳಿದು ಬನ್ರೀ!” ಎಂದು ಹೆಂಡತಿ ನೀರಿನಿಂದ ಕೂಗಿದಳು.

“ಆಗಲ್ಲ ಕಣೇ! ಜಾರುತ್ತೆ!”

“ಸೀಟಿನ ಹಿಂದೆ ಮರದ ತುಂಡಿದೆ. ಅಲ್ಲಿ ಯಾರಿಗಾದ್ರೂ ಹೇಳಿ, ಕೊಡ್ತಾರೆ!”

ದಡದಲ್ಲಿ ಕೈಗೆ ಸಿಗುವ ಕಲ್ಲಿರಲಿಲ್ಲ, ನರಪಿಳ್ಳೆಯೂ ಇರಲಿಲ್ಲ. ಇದ್ದಿದ್ದರೂ ಕೊಡಲು ತುಂಡೇ ಇರಲಿಲ್ಲ. “ಅದು ಮನೇಲಿದೆ!” ಎಂದೆ.

“ಯಾಕೆ?”

“ಟಾರ್ಪಾಲ್ ತೆಗೆದು ನೋಡು!”

ಅವಳು ಟಾರ್ಪಾಲ್ ಸರಿಸಿದಳು. ಹಾಸಿಗೆ ಸುರುಳಿ ಬಿಚ್ಚಿಕೊಂಡು ದೋಣಿಯ ನಡುವೆ ಚಾಚಿತು. ಈಗ ಬಿತ್ತು ಸಹಸ್ರನಾಮ ಎಂದು ಕುಗ್ಗಿದೆ. ಆದರೆ ಅವಳು ಹಾಸಿಗೆಯನ್ನೇ ನೋಡುತ್ತ ನಿಂತಳು.

ಡಾಕ್ಟರು ಕೂಗಿದರು. “ಕಾಲು ತೆಗೀಬೇಡಿ! ಆರು ಗಂಟೆಗೆ ಮೀನಿನ ಲಾರಿ ಬರುತ್ತೆ, ಅವನು ಎಳೀತಾನೆ!”

ಆಗ ನಾಲ್ಕೂಕಾಲು.

ಇಂಜಿನ್ ಶುರುವಾಯಿತು. ಕನ್ನಡಿಯಲ್ಲಿ ನೋಡುತ್ತ ಕೂತೆ. ಮೊದಲು ಡಾಕ್ಟರು ನಡೆಸಿದರು, ಆಮೇಲೆ ಅವಳು. ಲಾರಿಯವರಿಗೆ ಚೀಟಿ ಕೊಡುವ ಕೈಯೇ ಅದು, ಆದರೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂತ ಭಂಗಿಯನ್ನು ನಾನು ಎಂದೂ ಕಂಡಿರಲಿಲ್ಲ. ಒಂದು ಸುತ್ತು ಮುಗಿಸಿ ಕೂಗಳತೆಗೆ ಬಂದಾಗ ಅವಳ ಕೂದಲು ಬಿಚ್ಚಿಹೋಗಿತ್ತು.

“ರೀ, ಹತ್ತೊಂಬತ್ತು ವರ್ಷದಿಂದ ಊರು ಬಿಟ್ಟು ಹೋಗೋರ್ನೆಲ್ಲ ಕಿಟಕೀಲಿ ನೋಡ್ತಾನೇ ಇದೀನಿ,” ಎಂದಳು. “ನನಗೂ ಎಲ್ಲಾದ್ರೂ ಹೋಗ್ಬೇಕು ಅಂತ ತುಂಬಾ ಆಸೆ ಇತ್ತು ರೀ.” ಆಮೇಲೆ ತುಸು ತಡವರಿಸಿ, “ಇನ್ನೊಂದು ಸುತ್ತು ನಿಮ್ಮದು. ನೀವು ಬರಕ್ಕಾಗಲ್ಲ ಅಂದ್ರೆ...”

ಹೇಳುತ್ತೇನೆ ಕೇಳಿ, ನನಗೆ ಅಳು ಬಂತು. ನನ್ನ ದೋಣಿ, ನನ್ನ ಹಾಸಿಗೆ, ನನ್ನ ಸುತ್ತು. ನೀರು ಎರಡೇ ಮಾರು ದೂರದಲ್ಲಿತ್ತು. ಅಷ್ಟು ವರ್ಷ ಆಸೆ ನನ್ನೊಬ್ಬನದೇ ಎಂದುಕೊಂಡು ಅವಳಿಗೆ ಅದನ್ನು ವರ್ಣಿಸಿದ್ದೆ. ನಿನಗೇನು ಆಸೆ ಎಂದು ಒಂದು ಸಲವೂ ಕೇಳಿರಲಿಲ್ಲ.

“ಹೋಗಿ ಬಾರೇ,” ಎಂದೆ. “ನಾನು ಇಲ್ಲೇ ಇರ್ತೀನಿ.” (ಬೇರೆಲ್ಲಿ ಹೋಗಲಿ?)

ದೋಣಿ ನಡುನೀರಿಗೆ ಹೋಯಿತು. ಅಲ್ಲಿ ಡಾಕ್ಟರು ಇಂಜಿನ್ ನಿಲ್ಲಿಸಿದರು. ಅವಳು ಒಂದು ಕ್ಷಣ ಅತ್ತಿತ್ತ ನೋಡಿ, ಹಾಸಿಗೆಯ ಮೇಲೆ ಅಂಗಾತ ಮಲಗಿದಳು. ಕನ್ನಡಿಯಲ್ಲಿ ಅವಳು ಕಾಣದಾದಳು, ಬರೀ ದೋಣಿ, ಮೇಲೆ ಆಕಾಶ. ನನ್ನ ಬಲಗಾಲು ಜೋಮು ಹಿಡಿದಿತ್ತು. ಹುಷಾರಾಗಿ, ಒಂದು ಗೇಣೂ ಜಾರದಂತೆ, ಬ್ರೇಕಿನ ಮೇಲೆ ಎಡಗಾಲನ್ನು ಇಟ್ಟೆ.