ನೊರೆಗೆ ಜಯಕಾರ ಹಾಕಿದ ರೇಡಿಯೋ ಅಣ್ಣನವರ ಸನ್ನಿಧಿಗೆ

ಗಾಳಿಯಲ್ಲಿ ಸಿಂಹಾಸನ ಹಾಕಿ ಕುಳಿತವರೂ, ಪರವಾನಗಿ ಎಂಬ ಕ್ಷುಲ್ಲಕ ಕಾಗದದ ಹಂಗಿಲ್ಲದವರೂ, ಬೇಯ್‌ಗಾಂಗ್ ಪಟ್ಟಣದ ಸುತ್ತಲಿನ ಸಮಸ್ತ ಮುದುಕ ಮುದುಕಿಯರ ಮಾನಸಪುತ್ರರೂ, ಸ್ವಯಂಘೋಷಿತ ಮೂತ್ರಪಿಂಡ ರಕ್ಷಕರೂ ಆದ ರೇಡಿಯೋದ ಹಾಯ್-ಲಿಯೋಂಗ್ ಅಣ್ಣನವರಿಗೆ ಬಹುಪರಾಕ್!

ಮಾನ್ಯರೇ,

ದೇವಸ್ಥಾನಗಳ ಮುಂದೆ ಬಿದಿರಿನ ರಂಗ ಕಟ್ಟಿದಲ್ಲೆಲ್ಲ ಗಡ್ಡ ಅಂಟಿಸಿಕೊಂಡು ಚಕ್ರವರ್ತಿಯಾಗಿ ಮೆರೆದ ಗೋ ಛಾಯ್-ಲುವಾನ್ ಎಂಬ ಹೆಂಗಸು ತಮ್ಮ ಪಾದಗಳಿಗೆ ಮಾಡುವ ನಮಸ್ಕಾರಗಳು. ನಮ್ಮ ತೈವಾನಿನ ಹಾಡುನಾಟಕದಲ್ಲಿ ಗಂಡು ವೇಷವೂ ಹೆಂಗಸರದೇ ಆದ್ದರಿಂದ, ನಾನು ಒಮ್ಮೆ ಹೂಂಕರಿಸಿದರೆ ಸೇನಾಪತಿಗಳು ಮಂಡಿಯೂರುತ್ತಿದ್ದರು, ಮಂತ್ರಿಗಳು ನಡುಗುತ್ತಿದ್ದರು, ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲು ಹುಡುಕುತ್ತಿದ್ದರು. ಆದರೆ ಅದೇ ಮಂಡಳಿಯಲ್ಲಿ ಪರದೆಯ ಪಕ್ಕ ಕುಳಿತು ತೆಂಗಿನ ಚಿಪ್ಪಿನ ಪಿಟೀಲು ನುಡಿಸುತ್ತಿದ್ದ ನಮ್ಮ ಯಜಮಾನರು, ಬೂನ್-ಹೋಕ್ ಎಂಬವರು, ಮದುವೆಯಾದಂದಿನಿಂದ ಇಂದಿನವರೆಗೆ ನನ್ನ ಒಂದೇ ಒಂದು ರಾಜಾಜ್ಞೆಯನ್ನೂ ಪಾಲಿಸಿದವರಲ್ಲ. ತಾವೋ, ಅಡುಗೆಮನೆಯ ಕಿಟಕಿಯಲ್ಲಿಟ್ಟ ಅಂಗೈಯಗಲದ ರೇಡಿಯೋದೊಳಗಿಂದ ಜೇನು ಸುರಿಸಿ, ಆ ಮನುಷ್ಯನನ್ನು ಬೆರಳ ತುದಿಯಲ್ಲಿ ಕುಣಿಸಿಬಿಟ್ಟಿರಿ. ದೂರು ಎನ್ನಿ, ಹೊಟ್ಟೆಕಿಚ್ಚು ಎನ್ನಿ, ಈ ಪತ್ರ ಹುಟ್ಟಿದ್ದು ಅಲ್ಲಿಂದಲೇ.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಬಂದು ಬಹಳ ಕಾಲವಾಯಿತು. ಬಿಡಿಸಲಾಗದ ಬಾಡಿಗೆದಾರನ ಜೊತೆ ಹೇಗೆ ಏಗುತ್ತಾರೋ ಹಾಗೆ ನಾವೂ ಅದರೊಡನೆ ಏಗಿಕೊಂಡಿದ್ದೆವು. ಬೆಳಗಿನ ಮಾತ್ರೆ ಬೆಳಗ್ಗೆ, ರಾತ್ರಿಯದು ರಾತ್ರಿ, ರಕ್ತದೊತ್ತಡಕ್ಕೆ ಬೇರೆಯದು, ಸಂಜೆ ದೇವಸ್ಥಾನದ ಸುತ್ತ ನಡಿಗೆ, ಶಾವಿಗೆಯ ಬಟ್ಟಲಲ್ಲಿ ಶಾವಿಗೆ ತಿಂದು ಉಪ್ಪು ಸಾರನ್ನು ಬಿಟ್ಟೇಳುವ ಸಂಕಟ, ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರಗಳ ತಪಾಸಣೆ. ಇದರಲ್ಲಿ ಚಪ್ಪಾಳೆ ಬೀಳುವಂಥ ದೃಶ್ಯ ಒಂದೂ ಇಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಖಡ್ಗವಿಲ್ಲ, ಕಹಳೆಯಿಲ್ಲ, ದಿನವೂ ಅದೇ ಪಾಠ, ಅದೇ ಮಾತು. ಇಂಥ ಬೋರು ಹೊಡೆಸುವ ನಾಟಕದಿಂದಲೇ ಅವರ ಮೂತ್ರಪಿಂಡಗಳು ಅಷ್ಟು ಕಾಲ ಸದ್ದಿಲ್ಲದೆ ಕೆಲಸ ಮಾಡಿಕೊಂಡಿದ್ದವು ಎಂಬುದು ನಮಗೆಲ್ಲಿ ತಿಳಿಯಬೇಕು? ತಿಳಿಸಲು ಅವಕ್ಕೆ ತಮ್ಮಂತೆ ಮೈಕು ಇರಲಿಲ್ಲವಲ್ಲ!

ಆಗ ತಾವು ಪ್ರವೇಶಿಸಿದಿರಿ. "ಅಮ್ಮಂದಿರಾ, ಅಪ್ಪಂದಿರಾ, ಆಸ್ಪತ್ರೆ ಮಾತ್ರೆ ನುಂಗೀ ನುಂಗೀ ಯಾರ ಕಿಡ್ನಿ ಉಳಿದಿದೆ ಹೇಳಿ ನೋಡೋಣ? ನಿಮ್ಮ ಬೀದೀಲಿ ಡಯಾಲಿಸಿಸ್‌ಗೆ ಹೋಗೋರ್ನ ಕೇಳಿ, ಎಲ್ರೂ ಮೊದ್ಲು ಮಾತ್ರೆ ತಗೋತಿದ್ದೋರೇ! ನಾನೇನೂ ಹೇಳಲ್ಲಪ್ಪ, ನೀವೇ ಯೋಚ್ನೆ ಮಾಡಿ," ಎಂದು ತಾವು ಅಪ್ಪಣೆ ಕೊಡಿಸಿದ್ದನ್ನು ನಾನು ಸೊಪ್ಪು ಬಿಡಿಸುತ್ತ ಕಿವಿಯಾರೆ ಕೇಳಿದೆ. ಆಹಾ, ತರ್ಕವೆಂದರೆ ಇದು! ಬೆಂಕಿ ಬಿದ್ದ ಮನೆಗಳ ಮುಂದೆಲ್ಲ ನೀರಿನ ಗಾಡಿ ನಿಂತಿರುವುದರಿಂದ, ಊರಿಗೆ ಬೆಂಕಿ ಇಡುತ್ತಿರುವುದು ನೀರಿನ ಗಾಡಿಯೇ ಎಂದು ಇದೇ ದಾರಿಯಲ್ಲಿ ಸಾಧಿಸಬಹುದು. ಸಕ್ಕರೆ ಹಿಡಿತ ತಪ್ಪಿದರೆ ಮೂತ್ರಪಿಂಡ ಕೆಡುತ್ತದೆ ಎಂಬ ಹಳಸಲು ಕಥೆಯನ್ನು ಪಕ್ಕಕ್ಕೆ ತಳ್ಳಿ, ಮಾತ್ರೆಯನ್ನೇ ಖಳನಾಯಕನನ್ನಾಗಿ ಮಾಡಿ, ಬಿಳಿ ಕುದುರೆಯ ಮೇಲೆ ತಾವೇ ರೇಡಿಯೋದಲ್ಲಿ ಮಾರುವ ಕಪ್ಪು ಚೂರ್ಣವನ್ನು ರಂಗಕ್ಕೆ ತಂದ ತಮ್ಮ ಕಲಾಚಾತುರ್ಯಕ್ಕೆ ನಮ್ಮ ಮಂಡಳಿಯ ಹಳೆಯ ನಾಟಕಕಾರರು ಇದ್ದಿದ್ದರೆ ತಲೆದೂಗುತ್ತಿದ್ದರು.

ಯಜಮಾನರು ತಲೆದೂಗಿದ್ದಷ್ಟೇ ಅಲ್ಲ, ಮಾತ್ರೆಗಳನ್ನೆಲ್ಲ ಪಿಟೀಲಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಚೂರ್ಣಕ್ಕೆ ಶರಣಾದರು. ನಾನು ಬೈದೆ, ಅತ್ತೆ, ರಾಗವಾಗಿ ಶಪಿಸಿದೆ. "ಸುಮ್ನಿರೇ ನೀನು. ಅಣ್ಣ ನನ್ನನ್ನ ಅಪ್ಪಾಜಿ ಅಂತಾನೆ. ನಿನ್ನ ಡಾಕ್ಟ್ರು ನಂಬರ್ ಹಿಡಿದು ಕರೀತಾಳೆ," ಎಂದರು. ಈ ಒಂದು ಮಾತು ಮಾತ್ರ ನಿಜ ಎಂಬುದನ್ನು ತಮ್ಮ ಗೌರವಾರ್ಥವಾಗಿ ಇಲ್ಲಿ ದಾಖಲಿಸುತ್ತೇನೆ.

ಕೆಲವು ತಿಂಗಳು ಕಳೆದ ಮೇಲೆ ಅವರ ಮೂತ್ರದಲ್ಲಿ ನೊರೆ ಕಾಣಿಸಿತು. ನೀರು ಹಾಕಿದರೂ ಇಳಿಯದ ನೊರೆ. ಅವರು ಗಾಬರಿಯಾಗಿ ಓಡಿದ್ದು ನನ್ನ ಬಳಿಗಲ್ಲ, ಫೋನಿನ ಬಳಿಗೆ. ತಾವು ನೇರಪ್ರಸಾರದಲ್ಲಿಯೇ ಉಘೇ ಎಂದಿರಿ: "ಅಪ್ಪಾಜೀ, ಶುಭಾಶಯ! ಅದು ವಿಷ ಕಣಪ್ಪಾ, ಆಚೆಗೆ ಹೋಗ್ತಿದೆ! ನೊರೆ ಜಾಸ್ತಿ ಆದಷ್ಟೂ ಒಳಗೆ ತೊಳೆದಂಗೆ! ನಮ್ಮ ಬೂನ್-ಹೋಕ್ ಅಪ್ಪಾಜಿಗೋಸ್ಕರ ಒಂದು ಹಾಡು!" ಮೂತ್ರಕ್ಕೆ ಹಾಡು ಅರ್ಪಣೆಯಾದದ್ದು ಈ ದ್ವೀಪದಲ್ಲಿ ಅದೇ ಮೊದಲಿರಬೇಕು. ಅಂದಿನಿಂದ ನಮ್ಮ ಬೀದಿಯ ಮುದುಕರಿಗೆಲ್ಲ ನೊರೆಯೇ ಬಿರುದಾಯಿತು. ಪಕ್ಕದ ಮನೆಯ ಆ-ಬೀ ಅಜ್ಜ ಅದೇ ಚೂರ್ಣ ತಿಂದೂ ತನಗಿನ್ನೂ ನೊರೆ ಬರಲಿಲ್ಲವೆಂದು ಕೊರಗಿ ಕೊರಗಿ, "ನಿನ್ನ ಪುಣ್ಯ ಕಣೋ ಬೂನ್-ಹೋಕ್, ನನ್ನ ಹಣೇಲಿ ಬರೀ ನೀರೇ ಬರೆದಿರೋದು," ಎಂದು ನಿಟ್ಟುಸಿರು ಬಿಟ್ಟರು. ಯಜಮಾನರು ಗೆದ್ದ ಕುಸ್ತಿ ಪೈಲ್ವಾನನಂತೆ ನಕ್ಕರು.

ಆಮೇಲೆ ಪಾದಗಳು ಊದಿದವು. "ಕಾಲಿಗೆ ಬಲ ತುಂಬ್ತಿದೆ," ಎಂದಿರಿ ತಾವು. ಸಮುದ್ರದೇವಿಯ ಉತ್ಸವದ ಬೆಳಿಗ್ಗೆ ಆ ಬಲಶಾಲಿ ಪಾದಗಳು ಯಾವ ಬೂಟಿನೊಳಗೂ ಹೋಗಲೊಲ್ಲವು. ಹೊಸಿಲ ಮೇಲೆ ಬೂಟು ಹಿಡಿದು ಕುಳಿತ ಯಜಮಾನರು ಮೊಟ್ಟಮೊದಲ ಬಾರಿಗೆ ಫೋನಿನ ಬದಲು ನನ್ನ ಮುಖ ನೋಡಿದರು. ಆ ನೋಟವನ್ನೇ ಒಪ್ಪಿಗೆಯೆಂದು ಹಿಡಿದು, ಚಪ್ಪಲಿ ತೊಡಿಸಿ, ಮಾರನೆಯ ದಿನ ಆಸ್ಪತ್ರೆಗೆ ಎಳೆದೊಯ್ದೆ.

ರಕ್ತ ಮೂತ್ರಗಳ ಫಲಿತಾಂಶ ನೋಡಿದ ವೈದ್ಯೆ, ನಮ್ಮ ಮೊಮ್ಮಗಳ ವಯಸ್ಸಿನವಳು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ತಾತ, ಈ ನೊರೆ ವಿಷ ಅಲ್ಲ. ಮೈಯಲ್ಲಿ ಉಳೀಬೇಕಾದ ಪ್ರೋಟೀನು ಸೋರ್ತಾ ಇದೆ. ಕಿಡ್ನಿ ಅಂದ್ರೆ ಜರಡಿ ಇದ್ದಂಗೆ, ಸಕ್ಕರೆ ಏರಿ ಏರಿ ಅದರ ಕಣ್ಣು ಹರೀತಿದೆ. ಹೋಗಿರೋದನ್ನ ನಾನು ವಾಪಸ್ ತರಕ್ಕಾಗಲ್ಲ. ಉಳಿದಿರೋದನ್ನ ಕಾಪಾಡಬಹುದು. ಆದ್ರೆ ಇನ್ನೊಂದು ಸಲ ಮಾತ್ರೆ ಬಿಟ್ರೆ, ಆಮೇಲೆ ಮೆಷಿನ್ನೇ ಗತಿ." ನಾನು ಮಾತ್ರೆಯ ಚೀಟಿಗೆ ಕೈ ಚಾಚಿದೆ. ಯಜಮಾನರು ಮಾತ್ರ ನನ್ನ ಕಡೆ ಬಾಗಿ, "ಈ ಹುಡುಗಿ ರೇಡಿಯೋದಲ್ಲಿ ಬರ್ತಾಳಾ?" ಎಂದು ಪಿಸುಗುಟ್ಟಿದರು. ಬರುವುದಿಲ್ಲ ಎಂದೆ. "ಹಾಗಾದ್ರೆ ಅಣ್ಣನ್ನ ಒಂದ್ಮಾತು ಕೇಳ್ಬೇಕು," ಎಂದರು.

ಮಾನ್ಯರೇ, ಕೇಳುವ ಕಷ್ಟವನ್ನೇ ತಾವು ಕೊಡಲಿಲ್ಲ. ಸಕ್ಕರೆ ರೋಗಿಗಳಿಗೆ ಬುದ್ಧಿ ಹೇಳುವ ನರ್ಸಮ್ಮನ ಕೋಣೆಯ ಮುಂದೆ ನಾವು ಸರದಿ ಕಾಯುತ್ತಿದ್ದಾಗ, ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಮಾಸ್ಕನ್ನು ಕಣ್ಣಿನವರೆಗೆ ಏರಿಸಿದ್ದ ಮಹನೀಯರೊಬ್ಬರು ತೆರೆದ ಬಾಗಿಲೊಳಗೆ ಕುಳಿತಿದ್ದರು. ಟೋಪಿ ತಲೆಯನ್ನು ಮುಚ್ಚೀತು, ಮಾಸ್ಕು ಮೂಗನ್ನು ಮುಚ್ಚೀತು. ಆ ಜೇನುಗಂಟಲನ್ನು ಮುಚ್ಚುವ ಬಟ್ಟೆಯನ್ನು ಯಾವ ನೇಕಾರ ನೇಯ್ದಿದ್ದಾನೆ? "ಸಿಸ್ಟರ್, ಈ ಮಾತ್ರೆ ಊಟಕ್ಕೆ ಮುಂಚೇನೋ ಆಮೇಲೋ? ಹೋದ್ಸಲ ಮೂತ್ರದಲ್ಲಿ ಪ್ರೋಟೀನ್ ಇರ್ಲಿಲ್ಲ ಅಂದಿದ್ರಿ, ಈ ಸಲಾನೂ ಇಲ್ಲ ತಾನೇ? ನಾನಂತೂ ಒಂದು ದಿನಾನೂ ತಪ್ಪಿಸಿಲ್ಲ." ನರ್ಸಮ್ಮ, "ನಿಮ್ಮಂಥ ರೋಗಿ ಸಿಗೋದೇ ನಮ್ಮ ಪುಣ್ಯ. ಹೊರಗಿಂದ ಚೂರ್ಣ ಗೀರ್ಣ ಏನೂ ತಗೋತಿಲ್ಲ ತಾನೆ?" ಎಂದಳು. ಅದಕ್ಕೆ ತಾವು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯಲಾರೆ: "ಛೇ ಛೇ, ಅದನ್ನೆಲ್ಲ ಯಾರು ತಗೋತಾರೆ ಸಿಸ್ಟರ್!"

ಈಗ ನೋಡು, ಈಗ ಗುಡುಗುತ್ತಾರೆ ಎಂದು ಯಜಮಾನರ ಕಡೆ ತಿರುಗಿದೆ. ಅವರ ಕಣ್ಣಲ್ಲಿ ನೀರು! "ಪಾಪ ಕಣೇ, ಅಣ್ಣಂಗೂ ಸಕ್ಕರೆ ಕಾಯ್ಲೆ. ನೋಡು, ಚೂರ್ಣನೆಲ್ಲ ನಮಗೇ ಹಂಚಿಬಿಟ್ಟು ತನಗೇ ಅಂತ ಒಂದು ಚಿಟಿಕೆನೂ ಇಟ್ಕೊಂಡಿಲ್ಲ!" ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಮನೆಗೆ ಬಂದವರೇ ಅನ್ನವನ್ನು ಅರ್ಧ ಬಟ್ಟಲಿಗೆ ಇಳಿಸಿ ಕೈ ಚಾಚಿದರು: "ಕೊಡು ಆ ಮಾತ್ರೆ. ಅಣ್ಣಾನೇ ನುಂಗ್ತಾನೆ ಅಂದ್ಮೇಲೆ ನಾನು ಯಾವ ಸೀಮೆ ದೊರೆ?"

ಅಂದಿನಿಂದ ನುಂಗುತ್ತಿದ್ದಾರೆ. ವೈದ್ಯೆಯ ಓದಿಗಾಗಿಯೂ ಅಲ್ಲ, ನನ್ನ ಕಣ್ಣೀರಿಗಾಗಿಯೂ ಅಲ್ಲ, ತಮ್ಮ ಮೇಲಿನ ಭಕ್ತಿಗಾಗಿ. ಉಳಿದ ಚೂರ್ಣವನ್ನು ಅವರು ಅಣ್ಣನಿಗೇ ಇರಲಿ ಎಂದು ಎತ್ತಿಟ್ಟಿದ್ದಾರೆ, ತಾವು ಬಡಪಾಯಿಗಳೆಂದು.

ಆದ್ದರಿಂದ ತಮ್ಮಲ್ಲಿ ಕೆಲವು ಅಲ್ಪ ಬೇಡಿಕೆಗಳು. ಇನ್ನು ಮುಂದೆ ತಾವು ಬೆಳಗಿನ ಮಾತ್ರೆಯನ್ನು ಮೈಕಿನ ಮುಂದೆಯೇ ನುಂಗಬೇಕು. ಗುಟುಕು ಇಳಿದ ಸದ್ದು ಹೊಲದ ಬೆಳ್ಳುಳ್ಳಿಗೂ ಕೇಳಿಸಬೇಕು. ಸಾರು ಬಿಟ್ಟೆದ್ದ ಕೂಡಲೇ ಶಂಖ ಊದಿಸಬೇಕು. ತಮ್ಮ ಮೂತ್ರದ ಫಲಿತಾಂಶವನ್ನು ಹವಾಮಾನ ವರದಿಗೆ ಮೊದಲು ಓದಬೇಕು, ಏಕೆಂದರೆ ಆ-ಬೀ ಅಜ್ಜ ಆ ದಿನ ನಮ್ಮೊಂದಿಗೆ ಆಸ್ಪತ್ರೆಯಲ್ಲಿರಲಿಲ್ಲ, ನಾನು ಹೇಳಿದರೆ ನಂಬುವುದೂ ಇಲ್ಲ, ಮೊನ್ನೆ ಪಾಪ ಅವರಿಗೂ ನೊರೆ ಬಂದಿತೆಂದು ಬೀದಿಗೆಲ್ಲ ಕಡಲೆಕಾಯಿ ಮಿಠಾಯಿ ಹಂಚಿದರು. ಕಡೆಯದಾಗಿ, ಎಲ್ಲರೂ ತಮ್ಮ ಮಾತು ಕೇಳುವುದರಿಂದ, ಯಜಮಾನರ ಆ ಹರಿದ ಜರಡಿಗೂ ಒಂದು ಮಾತು ಹೇಳಿ, ಮೊದಲಿನಂತೆ ಹೆಣೆದುಕೊಳ್ಳುವಂತೆ ಅಪ್ಪಣೆ ಕೊಡಿಸಬೇಕು. ಅದೊಂದು ಆಗದಿದ್ದರೆ, ಏಕೆ ಆಗಲಿಲ್ಲವೆಂಬುದನ್ನಾದರೂ ಪ್ರಸಾರ ಮಾಡಬೇಕು.

ತಮ್ಮ ಆರೋಗ್ಯದ ಮೇಲೆ ತಮಗಿಂತ ಹೆಚ್ಚಿನ ಕಾಳಜಿ ಇಟ್ಟಿರುವ,

ತಮ್ಮ ವಿಶ್ವಾಸಿ,
ಗೋ ಛಾಯ್-ಲುವಾನ್

ತಾ.ಕ.: ನರ್ಸಮ್ಮ ಮುಂದಿನ ತಪಾಸಣೆಗೆ ದಿನ ಕೊಡುವಾಗ ಯಜಮಾನರು, "ಈಗ ಒಳಗಿದ್ರಲ್ಲ, ಅವರು ಬರೋ ದಿನಾನೇ ಕೊಡಿ," ಎಂದು ಹಟ ಹಿಡಿದು ಪಡೆದುಕೊಂಡಿದ್ದಾರೆ. ತಾವು ಬಾರದಿದ್ದರೆ ಅವರೂ ಒಳಗೆ ಹೋಗುವುದಿಲ್ಲ. ಹೀಗಾಗಿ ತಮ್ಮ ಒಂದು ಗೈರುಹಾಜರಿಗೆ ಎರಡು ಜೊತೆ ಮೂತ್ರಪಿಂಡಗಳು ಬಲಿ. ಹೇಗೂ ಬರುತ್ತೀರಿ, ತಮ್ಮಂಥ ಶಿಸ್ತಿನ ರೋಗಿ ಇನ್ನೊಬ್ಬರಿಲ್ಲ. ಈ ಸಲ ಆ-ಬೀ ಅಜ್ಜನನ್ನೂ, ಬೀದಿಯ ಉಳಿದವರನ್ನೂ ಕರೆತಂದು ಬಾಗಿಲಾಚೆಯ ಬೆಂಚುಗಳಲ್ಲಿ ಕೂರಿಸಿರುತ್ತೇನೆ. ನರ್ಸಮ್ಮ ಚೂರ್ಣದ ವಿಷಯ ಕೇಳಿದಾಗ ಉತ್ತರವನ್ನು ಸ್ವಲ್ಪ ಗಟ್ಟಿಯಾಗಿ ಹೇಳಿ. ಅವರೆಲ್ಲರಿಗೂ ಕಿವಿ ಮಂದ.